ಹಳೇ ಅಕಾರ್ಡ್ ಇಟ್ಕೊಂಡಿರೋ ಮಲೆನಾಡಿನವರಿಗೆ: ಶಿವಮೊಗ್ಗ ಆಟೋ ಕಾಂಪ್ಲೆಕ್ಸ್‌ನ ಒಂದು ಗ್ಯಾರೇಜ್ ಬಗ್ಗೆ

ಮೊದಲೇ ಹೇಳ್ಬಿಡ್ತೀನಿ, ಶಿವಮೊಗ್ಗ ಸುತ್ತಮುತ್ತ ಯಾರತ್ರ ಹಳೇ ಹೋಂಡಾ ಅಕಾರ್ಡ್ ಇದೆಯೋ, ಅಥವಾ ಕಮ್ಮಿ ರೇಟಿಗೆ ಸಿಗ್ತಿದೆ ತಗೊಂಡ್ರೆ ಹೆಂಗೆ ಅಂತ ಯಾರು ಲೆಕ್ಕ ಹಾಕ್ತಿದಾರೋ, ಅವರು ಸಾಗರ ರೋಡಿನ ಆಟೋ ಕಾಂಪ್ಲೆಕ್ಸ್ ಒಳಗಿರೋ ಈ ಗ್ಯಾರೇಜಿಗೆ ಗಾಡಿ ಒಂದ್ಸಲ ತೋರಿಸಿ. ಹೆಸರು ಹಾಕ್ಬೇಡಿ ಅಂತ ಮೇಸ್ತ್ರಿಗಳೇ ಹೇಳಿದಾರೆ, ಈಗ ಬರೋ ಗಾಡಿ ನಿಲ್ಸೋಕೇ ಅಲ್ಲಿ ಜಾಗ ಸಾಲ್ತಿಲ್ಲ, ಹಾಗಾಗಿ ಬರೀತಿಲ್ಲ. ಒಳಗೆ ಹೋಗಿ ಹಳೇ ಹೋಂಡಾ ಆಟೋಮ್ಯಾಟಿಕ್ ಯಾರು ನೋಡ್ತಾರೆ ಅಂತ ಕೇಳಿದ್ರೆ ಟಿಂಕರಿಂಗ್ ಮಾಡೋ ಹುಡುಗರೂ ಕೈ ತೋರಿಸಿ ಕಳಿಸ್ತಾರೆ.

ನಮ್ಮದು 2009ರ ಅಕಾರ್ಡ್, 2.4 ಪೆಟ್ರೋಲ್, ಐದು ಗೇರಿನ ಆಟೋಮ್ಯಾಟಿಕ್, ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದೆ. ಈ ಮಾಡೆಲ್ ನಮ್ಮಲ್ಲಿ 2008ಕ್ಕೆ ಬಂದು 2013ರ ಹೊತ್ತಿಗೆ ನಿಂತೋಯ್ತು, ಆಮೇಲೆ 2016ರಲ್ಲಿ ಹೈಬ್ರಿಡ್ ಅಂತ ಒಂದು ಬಂತು, ಅದೂ ಈಗ ಇಲ್ಲ. 180 ಪಿಎಸ್ ಪವರ್ ಇರೋ ಎಂಜಿನ್ನು, ಓವರ್‌ಟೇಕ್ ಮಾಡುವಾಗ ಕಾಲು ಒತ್ತಿದ್ರೆ ಇವತ್ತಿಗೂ ಖುಷಿ ಆಗತ್ತೆ, ಅದಕ್ಕಿಂತ ಹೆಚ್ಚಾಗಿ ಹಿಂದಿನ ಸೀಟು. ಅಮ್ಮನ್ನ ಬೆಂಗಳೂರು ಆಸ್ಪತ್ರೆಗೆ ಕರ್ಕೊಂಡು ಹೋಗೋದಿರತ್ತೆ, ತೀರ್ಥಹಳ್ಳಿ ಕಡೆಯಿಂದ ಹೊರಟ್ರೆ ಮುನ್ನೂರು ಕಿಲೋಮೀಟರ್ ಮೇಲೇ ಆಗತ್ತೆ, ಕಾಲು ಚಾಚ್ಕೊಂಡು ಮಲಗಿದ ಹಾಗೇ ಹೋಗ್ತಾರೆ, ಇಳಿಯುವಾಗ ಸೊಂಟ ಹಿಡ್ಕೊಳ್ಳಲ್ಲ. ಈಗಿನ ಹೊಸ ಗಾಡಿಗಳಲ್ಲೂ ಕೂರಿಸಿ ನೋಡಿದೀವಿ, ಅಮ್ಮನಿಗೆ ಇದೇ ಆಗ್ಬೇಕು. ಹಾಗಾಗಿ ಮಾರೋ ಮಾತೇ ಇಲ್ಲ, ಇದನ್ನ ಸರಿಯಾಗಿ ಇಟ್ಕೋಬೇಕು ಅಷ್ಟೇ.

ಇಂಥ ಗಾಡಿಗಳ ತಾಪತ್ರಯ ಏನಂದ್ರೆ ಗಾಡಿ ರೇಟು ಇಳಿದಿದೆ, ಸ್ಪೇರ್ ಪಾರ್ಟ್ ರೇಟು ಇಳಿದಿಲ್ಲ. ಹೊಸದ್ರಲ್ಲಿ ಇಪ್ಪತ್ತು ಲಕ್ಷದ ಆಸುಪಾಸು ಇದ್ದ ಗಾಡಿ ಈಗ ಹಳೇ ಮಾರುತಿ ರೇಟಿಗೆ ಸಿಗತ್ತೆ, ಆದ್ರೆ ಅದರ ಚಕ್ರ ತಿರುಗಿಸೋ ಸ್ಟೀರಿಂಗ್ ರ‍್ಯಾಕು, ಎಸಿ ಕಂಪ್ರೆಸರ್ ಇನ್ನೂ ಇಪ್ಪತ್ತು ಲಕ್ಷದ ಗಾಡಿ ರೇಟಿಗೇ ಬರೋದು. ಒಂದು ದೊಡ್ಡ ಪಾರ್ಟ್ ಸುಮ್ಸುಮ್ನೆ ಬದಲಾಯಿಸಿದ್ರೆ ಗಾಡಿ ಬೆಲೆಯ ಕಾಲುಭಾಗ ಹೋಯ್ತು ಅಂತ ಲೆಕ್ಕ. ಅದಕ್ಕೇ ನಮ್ಮಂಥವರಿಗೆ ಬೇಕಾಗಿರೋದು ಪಾರ್ಟ್ ಬದಲಾಯಿಸೋ ಮೆಕ್ಯಾನಿಕ್‌ಗಿಂತ ಮುಂಚೆ ಹುಡುಕಿ ನೋಡೋ ಮೆಕ್ಯಾನಿಕ್, ಈ ಗ್ಯಾರೇಜ್ ಬಗ್ಗೆ ಇಷ್ಟುದ್ದ ಬರೀತಿರೋದೂ ಅದಕ್ಕೇ.

ಸ್ಟೀರಿಂಗ್ ಕಥೆ ಹೇಳ್ತೀನಿ ಕೇಳಿ. ಬೆಳಿಗ್ಗೆ ಗಾಡಿ ಹೊರಗೆ ತೆಗೆಯುವಾಗ ಸ್ಟೀರಿಂಗ್ ತಿರುಗಿಸಿದ್ರೆ ಬಾನೆಟ್ ಒಳಗಿಂದ ಊಂ ಅಂತ ನರಳೋ ಶಬ್ದ, ಬಿಸಿಯಾದ್ಮೇಲೆ ಕಮ್ಮಿ, ಆದ್ರೆ ಪಾರ್ಕಿಂಗ್ ಮಾಡುವಾಗ ಮತ್ತೆ ಶುರು, ಸ್ಟೀರಿಂಗ್ ಒಂಥರಾ ಬಿಗಿ ಬೇರೆ. ಈ ಗಾಡಿದು ಎಲೆಕ್ಟ್ರಿಕ್ ಸ್ಟೀರಿಂಗ್ ಅಲ್ಲ, ಎಣ್ಣೆ ಪಂಪು ಇರೋ ಹೈಡ್ರಾಲಿಕ್. ದೊಡ್ಡ ಹೆಸರಿನ ಒಂದು ವರ್ಕ್‌ಶಾಪಿನಲ್ಲಿ ತೋರಿಸಿದ್ರೆ ಪಂಪು ಹೋಗಿದೆ, ರ‍್ಯಾಕೂ ಹೋಗಿದೆ, ಎರಡೂ ಹಾಕ್ಬೇಕು ಅಂತ ಒಂದು ಲಕ್ಷದ ಹತ್ರ ಎಸ್ಟಿಮೇಟ್ ಕೈಗಿಟ್ರು, ಅದ್ರ ಕೆಳಗೆ ಟೈಮಿಂಗ್ ಬೆಲ್ಟ್ ಬದಲಾವಣೆ ಅಂತಾನೂ ಒಂದು ಲೈನ್ ಇತ್ತು. ಎಂಜಿನ್ ವಾಲ್ವ್‌ಗಳನ್ನ ಟೈಮಿಗೆ ಸರಿಯಾಗಿ ತೆರೆಸೋ ಆ ಟೈಮಿಂಗ್ ಬೆಲ್ಟೇ ಈ 2.4 ಎಂಜಿನ್ನಲ್ಲಿ ಇಲ್ಲ ಮಾರಾಯ್ರೆ, ಅದ್ರ ಬದಲು ಚೈನು ಇರೋದು. ಇದೇ ಅಕಾರ್ಡ್‌ನ 3.5 ವಿ6ರಲ್ಲಿ ಬೆಲ್ಟ್ ಇದೆ, ಅದನ್ನ ಟೈಮಿಗೆ ಸರಿಯಾಗಿ ಬದಲಾಯಿಸ್ಲೇಬೇಕು. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಯಾವ ಎಂಜಿನ್ ಅಂತ ಮೊದಲು ನೋಡ್ಕೊಳ್ಳಿ, ಎಸ್ಟಿಮೇಟಿನಲ್ಲಿ ಟೈಮಿಂಗ್ ಬೆಲ್ಟ್ ಕಂಡ್ರೆ ಬಾನೆಟ್ ಎತ್ತಿಸಿ ತೋರಿಸಿ ಅನ್ನಿ.

ಆ ಪೇಪರ್ ಹಿಡ್ಕೊಂಡೇ ಇಲ್ಲಿಗೆ ಬಂದೆ. ಮೇಸ್ತ್ರಿಗಳು ಪೇಪರ್ ನೋಡಲೇ ಇಲ್ಲ, ಪಕ್ಕಕ್ಕಿಡಿ ಅಂದ್ರು. ಎಂಜಿನ್ ಸ್ಟಾರ್ಟ್‌ನಲ್ಲಿಟ್ಟು ಪವರ್ ಸ್ಟೀರಿಂಗ್ ಎಣ್ಣೆ ಡಬ್ಬಿ ಮುಚ್ಚಳ ತೆಗೆದು ಟಾರ್ಚ್ ಬಿಟ್ರು, "ಅಣ್ಣಾ, ಒಳಗೆ ಕೂತು ಈ ತುದಿಯಿಂದ ಆ ತುದಿ ತಿರುಗಿಸಿ, ನಿಧಾನ" ಅಂದ್ರು. ಆಮೇಲೆ ಇಳಿದು ಬಂದು ನೋಡಿದ್ರೆ ಡಬ್ಬಿ ತುಂಬಾ ಸಣ್ಣ ಸಣ್ಣ ಗುಳ್ಳೆ, ಆಗಷ್ಟೇ ಕರೆದ ಹಾಲಿನ ಮೇಲಿನ ನೊರೆ ಹಾಗೆ. "ಎಣ್ಣೆ ಹೊರಗೆ ಎಲ್ಲೂ ಸೋರ್ತಿಲ್ಲ ನೋಡಿ, ಗಾಳಿ ಒಳಗೆ ಹೋಗ್ತಿದೆ. ಪಂಪು ಕೂಗ್ತಿರೋದು ಗಾಳಿ ಕುಡಿದು, ಸವೆದು ಅಲ್ಲ" ಅಂದ್ರು. ಡಬ್ಬಿಯಿಂದ ಪಂಪಿಗೆ ಎಣ್ಣೆ ಎಳೆಯೋ ಕಡೆ ಒಂದು ಪೈಪು ಪಂಪಿನ ಮೈಗೆ ಸೇರತ್ತೆ, ಆ ಜಾಯಿಂಟಲ್ಲಿ ಒಂದು ಸಣ್ಣ ರಬ್ಬರ್ ಓ ರಿಂಗ್ ಇರತ್ತೆ. ಅದು ಎಳೆಯೋ ಸೈಡು ಆಗಿರೋದ್ರಿಂದ ರಿಂಗ್ ಗಟ್ಟಿಯಾದ್ರೆ ಎಣ್ಣೆ ಹೊರಗೆ ತೊಟ್ಟಿಕ್ಕೋ ಬದಲು ಹೊರಗಿನ ಗಾಳಿ ಒಳಗೆ ಹೋಗತ್ತೆ, ಕೆಳಗೆ ಒಂದು ಹನಿ ಕಲೆ ಇರಲ್ಲ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಹಳೇ ಹೋಂಡಾಗಳಲ್ಲಿ ವಯಸ್ಸಾದ ಹಾಗೆ ಆಗೋದೇ ಇದು, ಕೆಲಸ ಗೊತ್ತಿರೋರು ಮೊದಲು ಇಲ್ಲಿಗೇ ಕೈ ಹಾಕ್ತಾರೆ.

ಎರಡು ಬೋಲ್ಟ್ ಬಿಚ್ಚಿ ಪೈಪ್ ಎಳೆದು ಹಳೇ ರಿಂಗ್ ನನ್ನ ಅಂಗೈ ಮೇಲೆ ಹಾಕಿದ್ರು. ದುಂಡಗಿರಬೇಕಾದ್ದು ಎರಡೂ ಬದಿ ಚಪ್ಪಟೆ ಆಗಿತ್ತು, ಉಗುರಲ್ಲಿ ಒತ್ತಿದ್ರೆ ರಬ್ಬರ್ ಹಾಗೆ ಬಗ್ಗಲಿಲ್ಲ, ಚಟ್ ಅಂತ ಮುರೀತು. ಹೊಸದು ಪಕ್ಕದಲ್ಲಿಟ್ಟು ತೋರಿಸಿ, ಅದಕ್ಕೆ ಅದೇ ಎಣ್ಣೆ ಸವರಿ ಕೂರಿಸಿದ್ರು. ಆಮೇಲೆ ಸಿರಿಂಜಲ್ಲಿ ಡಬ್ಬಿಯ ಕಪ್ಪು ಎಣ್ಣೆ ಎಳೆದು ಹೊಸದು ಹಾಕಿ, ತಿರುಗಿಸಿ, ಮತ್ತೆ ಎಳೆದು, ಬಣ್ಣ ತಿಳಿಯಾಗೋವರೆಗೂ ಮಾಡಿದ್ರು. ಮುಂದಿನ ಚಕ್ರ ಎರಡೂ ಜಾಕ್ ಮೇಲೆತ್ತಿ, ಮೊದಲು ಎಂಜಿನ್ ಆಫ್‌ನಲ್ಲೇ ತುದಿಯಿಂದ ತುದಿಗೆ ತಿರುಗಿಸಿ ಗಾಳಿ ಬಿಡ್ಸಿದ್ರು, ಆಮೇಲೆ ಸ್ಟಾರ್ಟ್ ಮಾಡಿ. ಇದಕ್ಕೆ ಹೋಂಡಾದ್ದೇ ಪವರ್ ಸ್ಟೀರಿಂಗ್ ಎಣ್ಣೆ ಹಾಕ್ಬೇಕು, ಎಷ್ಟೋ ಕಡೆ ಗೇರ್‌ಬಾಕ್ಸಿನ ಎಣ್ಣೆ (ಎಟಿಎಫ್) ಸುರಿದುಬಿಡ್ತಾರೆ, ಅದು ಇದರ ಸೀಲಿಗೆ ಆಗಲ್ಲ. ಎಣ್ಣೆ, ರಿಂಗು, ಕೂಲಿ ಎಲ್ಲಾ ಸೇರಿ ಎರಡು ಸಾವಿರದ ಒಳಗೆ ಮುಗೀತು. ಶಬ್ದ ಹೋಯ್ತು, ಅದಾದ್ಮೇಲೆ ಒಂದು ಮಳೆಗಾಲ ಪೂರ್ತಿ ಕಳೀತು, ಇವತ್ತಿಗೂ ಬಂದಿಲ್ಲ.

ತೆಗೆದ ಪಾರ್ಟ್ ಎಲ್ಲಾ ಒಂದು ಕವರಿಗೆ ಹಾಕಿ ಡಿಕ್ಕಿಲಿ ಇಡೋದು ಇವರ ಪದ್ಧತಿ, ಕೇಳೋದೇ ಬೇಡ. ನನಗೆ ಇದು ತುಂಬಾ ಹಿಡಿಸ್ತು.

ಇನ್ನು ನೀರಿನ ವಿಷಯ, ಮಲೆನಾಡಿನವರು ಇದನ್ನ ಪೂರ್ತಿ ಓದಿ. ನಮ್ಮ ಕಡೆ ಹಳೇ ಗಾಡಿ ಹಾಳಾಗೋದು ಓಡಿಸಿ ಅಲ್ಲ, ಮಳೆಗಾಲದಲ್ಲಿ ಥಂಡಿ ಕುಡಿದು. ಆಗುಂಬೆ ಸೀಮೆಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಮಳೆ ಬೀಳತ್ತೆ, ಜೂನ್‌ನಿಂದ ಸೆಪ್ಟೆಂಬರ್ ಗಾಡಿ ಒಣಗೋದೇ ಇಲ್ಲ. ನಮ್ಮ ಗಾಡಿಲಿ ಎಡಗಡೆ ಮುಂದಿನ ಸೀಟಿನ ಕಾಲಡಿ ಕಾರ್ಪೆಟ್ ಸದಾ ಒದ್ದೆ, ಬಾಗಿಲು ತೆಗೆದ್ರೆ ಮುಗ್ಗಲು ವಾಸನೆ, ಸೀಟ್ ಬೆಲ್ಟಿನ ಮೇಲೆ ಬೂಸ್ಟು. ಗಾಜಿನ ರಬ್ಬರ್ ಹೋಗಿದೆ ಅಂತ ಕೆಲವರು ಹೇಳಿದ್ರು, ಸಿಲಿಕಾನ್ ಹಚ್ಚಿಸಿ ಅಂತ ಇನ್ನೊಬ್ರು. ಮೇಸ್ತ್ರಿಗಳು ಕೇಳಿದ್ದು ಒಂದೇ ಪ್ರಶ್ನೆ, ಮಳೆ ಬಂದಾಗ ಒದ್ದೆ ಆಗತ್ತೋ, ಎಸಿ ಹಾಕಿದಾಗ ಆಗತ್ತೋ? ಎರಡನ್ನೂ ಬೇರೆ ಬೇರೆ ಪರೀಕ್ಷೆ ಮಾಡಿದ್ರು. ಮೊದಲು ಗಾಡಿ ಆಫ್ ಇರುವಾಗ ವೈಪರ್ ಕೆಳಗಿನ ತೊಟ್ಟಿಗೆ ಜಗ್ಗಲ್ಲಿ ನೀರು ಹೊಯ್ದು ನೋಡಿದ್ರು, ನೀರು ಚಕ್ರದ ಹಿಂದಿಂದ ಕೆಳಗೆ ಬೀಳಬೇಕು, ಒಂದು ಕಡೆ ಬಿತ್ತು ಇನ್ನೊಂದು ಕಡೆ ನಿಂತೇ ಇತ್ತು. ಆಮೇಲೆ ಎಸಿ ಫುಲ್ ಹಾಕಿ ಬಿಟ್ರು, ಸ್ವಲ್ಪ ಹೊತ್ತಿಗೆ ಗಾಡಿ ಕೆಳಗೆ ನೀರು ತೊಟ್ಟಿಕ್ಕಬೇಕಲ್ಲ, ನೆಲ ಒಣಗೇ ಇತ್ತು. ಎರಡೂ ಕಡೆ ಕಟ್ಟಿತ್ತು.

ವೈಪರ್ ಕೆಳಗಿನ ಪ್ಲಾಸ್ಟಿಕ್ ತೆಗೆದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಮಾವಿನ ಎಲೆ, ಅಡಿಕೆ ಸಿಂಗಾರದ ಪುಡಿ, ಹಲಸಿನ ಎಲೆ ಕೊಳೆತು ಕರೀ ಗೊಬ್ಬರ ಆಗಿ ಒಂದು ಬೆರಳು ದಪ್ಪ ಕೂತಿತ್ತು, ಅದ್ರಲ್ಲಿ ಒಂದು ಸಣ್ಣ ಗಿಡ ಹುಟ್ಟಿತ್ತು, ಎರಡೆಲೆ ಬಿಟ್ಟಿತ್ತು. ಅದನ್ನ ಕೈಯಲ್ಲೇ ಬಾಚಿ ತೆಗೆದು, ನೀರು ಹೋಗೋ ತೂತಿಗೆ ಹುಲ್ಲು ಹೊಡೆಯೋ ವೀಡ್ ಕಟರಿನ ನೈಲಾನ್ ದಾರ ತೂರಿಸಿದ್ರು. ತಂತಿ ಹಾಕಿದ್ರೆ ಒಳಗಿನ ಪೈಪ್ ಹರಿಯತ್ತೆ, ಗೀರಾದ ಕಡೆ ತುಕ್ಕು ಹಿಡಿಯತ್ತೆ, ಈ ದಾರ ಬಗ್ಗತ್ತೆ, ಕೆಡಿಸಲ್ಲ. ನಮ್ಮ ಕಡೆ ತೋಟ ಇರೋ ಪ್ರತಿ ಮನೇಲೂ ಆ ದಾರದ ಸುರುಳಿ ಇರತ್ತೆ, ಹಾಗಾಗಿ ಮಳೆಗಾಲಕ್ಕೆ ಮುಂಚೆ ನೀವೇ ಮಾಡ್ಕೋಬಹುದು. ಎಸಿ ನೀರಿನ ಪೈಪಿಗೂ ಅದೇ, ಕೆಳಗಿಂದ ಮೆಲ್ಲಗೆ ತೂರಿಸಿ ತಿರುಗಿಸಿದಾಗ ಲೋಳೆ ಉಂಡೆ ಒಂದು ಬಂತು, ಹಿಂದೆಯೇ ಅರ್ಧ ಬಕೆಟ್ ನೀರು. ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ತೆಗೆದ್ರೆ ಬೂಸ್ಟು ಹಿಡಿದು ಹಸಿರಾಗಿತ್ತು. ಸೀಟು ಬಿಚ್ಚಿ ಕಾರ್ಪೆಟ್ ಎತ್ತಿ, ಅದರಡಿಯ ದಪ್ಪ ಫೋಮ್ ಹಿಂಡಿ, ಫ್ಯಾನ್ ಹಾಕಿ ಒಣಗಿಸಿದ್ರು. ಮೇಲೆ ಒಣಗಿದ ಹಾಗೆ ಕಂಡ್ರೂ ಆ ಫೋಮ್ ತಿಂಗಳುಗಟ್ಲೆ ನೀರು ಹಿಡ್ಕೊಂಡಿರತ್ತೆ, ಅದರಡಿಲೇ ವೈರಿಂಗ್ ಹೋಗಿರತ್ತೆ, ಕನೆಕ್ಟರ್ ಹಸಿರು ಹಿಡಿದ್ರೆ ಆಮೇಲೆ ಯಾವ ಲೈಟ್ ಯಾವಾಗ ಹತ್ತತ್ತೆ ಅಂತ ದೇವರಿಗೇ ಗೊತ್ತು. ಸರ್ವಿಸ್ ಅಂದ್ರೆ ಎಂಜಿನ್ ಆಯಿಲ್ ಅಷ್ಟೇ ಅಂತ ತಿಳ್ಕೊಂಡಿರೋ ಜಾಗಗಳಲ್ಲಿ ಈ ಕೆಲಸ ಯಾರೂ ಮಾಡಲ್ಲ, ಇದಕ್ಕೆ ಇವರು ತಗೊಂಡ ಕೂಲಿ ನೋಡಿದ್ರೆ ನನಗೇ ಬೇಜಾರಾಯ್ತು, ಇನ್ನೊಂದು ಐನೂರು ಸೇರಿಸಿ ಕೊಟ್ಟೆ.

ಬ್ರೇಕಿಗೂ ಥಂಡಿದೇ ಕಾಟ. ಬ್ರೇಕ್ ಆಯಿಲ್ ಗಾಳಿಯ ತೇವ ಎಳ್ಕೊಳ್ಳತ್ತೆ, ತೇವ ಸೇರಿದ ಹಾಗೆ ಅದು ಕುದಿಯೋ ಬಿಸಿ ಕಮ್ಮಿ ಆಗ್ತಾ ಹೋಗತ್ತೆ. ಬಯಲುಸೀಮೇಲಿ ಗೊತ್ತಾಗಲ್ಲ, ಆಗುಂಬೆ ಘಾಟಿ ಇಳಿಯುವಾಗ ಹದಿನಾಲ್ಕು ತಿರುವಲ್ಲಿ ಬ್ರೇಕ್ ಬಿಸಿಯಾಗಿ ಪೆಡಲ್ ಮೆತ್ತಗಾದಾಗ ಗೊತ್ತಾಗತ್ತೆ, ಆಗ ಗೊತ್ತಾಗಿ ಏನ್ ಮಾಡೋದು. ಮೂರು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಹೋಂಡಾ ಬುಕ್ಕಲ್ಲೇ ಇದೆ, ನಮ್ಮ ಕಡೆಗೆ ಎರಡು ವರ್ಷಕ್ಕೇ ಮಾಡಿ ಅಂತಾರೆ ಮೇಸ್ತ್ರಿಗಳು, ನಾನೂ ಅದನ್ನೇ ಪಾಲಿಸ್ತಿದೀನಿ. ಬ್ರೇಕ್ ಪ್ಯಾಡ್ ಒತ್ತೋ ಕ್ಯಾಲಿಪರ್ ಜಾರೋ ಪಿನ್ನು ತುಕ್ಕಿಗೆ ಅಂಟ್ಕೊಂಡ್ರೆ ಒಂದೇ ಕಡೆ ಪ್ಯಾಡ್ ಸವೆಯತ್ತೆ, ಅದನ್ನ ಪ್ರತಿ ಸರ್ವಿಸ್ಸಲ್ಲೂ ಬಿಚ್ಚಿ ಉಜ್ಜಿ ಸಿಲಿಕಾನ್ ಗ್ರೀಸ್ ಹಾಕ್ತಾರೆ. ಈ ಮಾಡೆಲಲ್ಲಿ ಹಿಂದಿನ ಪ್ಯಾಡೇ ಬೇಗ ಮುಗಿಯೋದು, ಮುಂದಿನದು ಚೆನ್ನಾಗಿದೆ ಅಂತ ಹಿಂದಿನದು ನೋಡದೇ ಬಿಡ್ಬೇಡಿ.

ಗೇರ್‌ಬಾಕ್ಸ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಮೆಷಿನ್ ಹಾಕಿ ಫ್ಲಶ್ ಮಾಡಲ್ಲ ಇವರು, ಬೋಲ್ಟ್ ಬಿಚ್ಚಿ ಹಳೇ ಎಣ್ಣೆ ಇಳಿಸಿ ಹೊಸದು ತುಂಬಿಸೋದು. ಒಂದ್ಸಲಕ್ಕೆ ಎರಡೂವರೆ ಲೀಟರ್ ಆಸುಪಾಸು ಇಳಿಯತ್ತೆ, ಉಳಿದಿದ್ದು ಒಳಗೇ ಇರತ್ತೆ, ಹಾಗಾಗಿ ಮಧ್ಯೆ ಮಧ್ಯೆ ಓಡಿಸಿ ಮೂರು ಸಲ ಮಾಡಿದ್ರೆ ಹೆಚ್ಚುಕಮ್ಮಿ ಹೊಸ ಎಣ್ಣೆ ಆಗತ್ತೆ. ಹಳೇ ಬುಕ್ಕಲ್ಲಿ ಈ ಎಣ್ಣೆ ಹೆಸರು ಝಡ್1 ಅಂತ ಇರತ್ತೆ, ಅದರ ಬದಲು ಬಂದಿದ್ದು ಡಿಡಬ್ಲ್ಯೂ1, ಅದನ್ನೇ ಕೇಳಿ ತಗೊಳ್ಳಿ. ಇಳಿಸೋ ಬೋಲ್ಟಿನ ತುದಿಲಿ ಅಯಸ್ಕಾಂತ ಇದೆ, ಅದಕ್ಕೆ ಹಿಡಿದ ಬೂದು ಬಣ್ಣದ ಪೇಸ್ಟ್ ಬಟ್ಟೆಲಿ ಒರೆಸಿ ನನಗೆ ತೋರಿಸಿ, ಇದು ಸವೆತ, ಪರವಾಗಿಲ್ಲ, ಇದರಲ್ಲಿ ಚೂರು ಸಿಕ್ಕಿದ್ರೆ ಆಗ ಮಾತಾಡೋಣ ಅಂದ್ರು.

ಇಲಿ ಕಾಟ ಇಲ್ಲದ ಮಲೆನಾಡಿನ ಮನೆ ಯಾವುದು. ಅಡಿಕೆ ಸುಲಿಯೋ ಟೈಮಲ್ಲಿ ಅಂಗಳದ ತುಂಬಾ ಇಲಿ, ಬೆಚ್ಚಗಿರೋ ಎಂಜಿನ್ ಮೇಲೆ ಬಂದು ಕೂರ್ತಾವೆ, ನಮ್ಮ ಗಾಡಿಲಿ ಆಕ್ಸಿಜನ್ ಸೆನ್ಸರ್ ವೈರ್ ತಿಂದು ಚೆಕ್ ಎಂಜಿನ್ ಲೈಟ್ ಹತ್ತಿತ್ತು. ಸೆನ್ಸರೇ ಬದಲಾಯಿಸ್ಬೇಕು ಅಂತಾರೆ ಬೇರೆ ಕಡೆ. ಇಲ್ಲಿನ ಹುಡುಗ ತುಂಡಾದ ವೈರ್ ಒಂದೊಂದಾಗಿ ಮೀಟರ್ ಹಿಡಿದು ನೋಡಿ, ಹೊಸ ವೈರ್ ಸೇರಿಸಿ ಬೆಸುಗೆ ಹಾಕಿ, ಮೇಲೆ ಬಿಸಿ ಮಾಡಿದ್ರೆ ಬಿಗಿಯಾಗೋ ಸ್ಲೀವ್ ಹಾಕಿ ಕೊಟ್ಟ. ಸುತ್ತಿ ಟೇಪ್ ಹಾಕಿದ್ರೆ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯತ್ತೆ ಸಾರ್ ಅಂದ. ಇನ್ನೂ ಇಪ್ಪತ್ತೆರಡು ದಾಟಿರಲ್ಲ ಆ ಹುಡುಗಂಗೆ, ಕೈ ಎಷ್ಟು ಶುದ್ಧ. ಗಾಳಿ ಒಳಗೆ ಹೋಗೋ ಬಾಯಿಗೆ ಸಣ್ಣ ಕಬ್ಬಿಣದ ಜಾಲರಿ ಕತ್ತರಿಸಿ ಕೂರಿಸಿದ್ದೂ ಅವನೇ.

ಕೈ ಹಾಕಲ್ಲ ಅಂದಿದ್ದೂ ಒಂದಿದೆ, ಅದಕ್ಕೂ ನನ್ನ ಮೆಚ್ಚುಗೆ. ಏರ್‌ಬ್ಯಾಗ್. ತಕಾಟಾ ಕಂಪನಿಯ ಹಳೇ ಏರ್‌ಬ್ಯಾಗ್‌ಗಳಲ್ಲಿ ಅಮೋನಿಯಂ ನೈಟ್ರೇಟ್ ಮದ್ದು ಇರತ್ತೆ, ವರ್ಷಗಟ್ಲೆ ಸೆಖೆ, ತೇವ ತಾಗಿ ಅದು ಕೆಟ್ಟು, ಅಪಘಾತದಲ್ಲಿ ಬ್ಯಾಗ್ ಉಬ್ಬುವಾಗ ಲೋಹದ ಡಬ್ಬಿಯೇ ಸಿಡಿದು ಚೂರು ಮುಖಕ್ಕೆ ಬರೋ ಅಪಾಯ. ಅದಕ್ಕೇ ಜಗತ್ತಿನಾದ್ಯಂತ ಕೋಟಿಗಟ್ಟಲೆ ಗಾಡಿ ವಾಪಸ್ ಕರೆಸಿದ್ರು. ನಮ್ಮಲ್ಲಿ 2018ರ ಜನವರಿಲಿ ಹೋಂಡಾ 22,834 ಗಾಡಿ ಕರೆಸಿದಾಗ ಆ ಪಟ್ಟಿಲೂ ಅಕಾರ್ಡ್ ಇತ್ತು. ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಹಳೇ ಓನರ್ ಮಾಡ್ಸಿದ್ರೋ ಇಲ್ವೋ ಗೊತ್ತಿರಲ್ಲ. "ಅಣ್ಣಾ, ಇದು ನಮ್ಮ ಕೆಲಸ ಅಲ್ಲ, ಚಾಸಿಸ್ ನಂಬರ್ ಬರ್ಕೊಂಡು ಕಂಪನಿ ಶೋರೂಮಿಗೆ ಹೋಗಿ, ದುಡ್ಡು ತಗೊಳ್ಳಲ್ಲ" ಅಂತ ಕಳಿಸಿದ್ರು. ಚಾಸಿಸ್ ನಂಬರ್ ಹಾಕಿದ್ರೆ ಹೋಂಡಾ ವೆಬ್‌ಸೈಟಲ್ಲೂ ತೋರಿಸತ್ತೆ. ನಮ್ಮಂಥ ಥಂಡಿ ಊರಲ್ಲಿ ಹಳೇ ಹೋಂಡಾ ಓಡಿಸೋರು ಇದನ್ನ ಇವತ್ತೇ ನೋಡಿ, ದಯವಿಟ್ಟು.

ಕೊರತೆಗಳೂ ಇದಾವೆ. ಪಾರ್ಟ್ ಸ್ಟಾಕ್ ಇರಲ್ಲ, ಬೆಂಗಳೂರು ಜೆಸಿ ರೋಡಿಂದ ರಾತ್ರಿ ಬಸ್ಸಿಗೆ ಪಾರ್ಸಲ್ ಹಾಕಿಸ್ತಾರೆ, ಸಿಕ್ಕಿದ್ರೆ ಬೆಳಿಗ್ಗೆ ಬರತ್ತೆ, ಸಿಗದಿದ್ರೆ ವಾರ ಕಾಯ್ಬೇಕು. ಎಂಜಿನ್ ಕೂರೋ ರಬ್ಬರ್ ಮೌಂಟಿಗೆ ನಾನು ಕಾದಿದೀನಿ, ಗಾಡಿ ಇಲ್ಲದೇ ಊರಿಂದ ಬಸ್ಸಲ್ಲಿ ಓಡಾಡೋದು ಕಷ್ಟನೇ ಆಯ್ತು. ಬೇರೆ ಕಂಪನಿ ಮೌಂಟ್ ಅರ್ಧ ರೇಟಿಗೆ ಸಿಗ್ತಿತ್ತು, ಡಿ ಗೇರಲ್ಲಿಟ್ಟು ಬ್ರೇಕ್ ಹಿಡಿದಾಗ ಸ್ಟೀರಿಂಗ್ ನಡುಗತ್ತೆ ಬೇಡ ಅಂತ ಅವರೇ ತಡೆದ್ರು, ಅದು ಸರೀನೇ. ಎಸಿ ಗ್ಯಾಸು, ವೀಲ್ ಅಲೈನ್‌ಮೆಂಟು ಹೊರಗೆ ಕಳಿಸ್ತಾರೆ. ಫೋನ್ ತೆಗೆಯೋದು ಅಪರೂಪ, ಕೈ ತುಂಬಾ ಎಣ್ಣೆ ಇರತ್ತೆ ಅನ್ನೋದು ಒಪ್ತೀನಿ, ಆದ್ರೂ ದೂರದಿಂದ ಬರೋರಿಗೆ ಒಂದು ಮೆಸೇಜ್ ಆದ್ರೂ ಹಾಕಿಸ್ಬೇಕು, ಇದನ್ನ ಅವರಿಗೂ ಹೇಳಿದೀನಿ. ಹೆಂಗಸರು, ವಯಸ್ಸಾದವರು ಕೂರೋಕೆ ಜಾಗ ಇಲ್ಲ, ಅದಂತೂ ದೊಡ್ಡ ಕೊರತೆ. ಎಸ್ಟಿಮೇಟ್ ಬಾಯಲ್ಲಿ ಹೇಳ್ತಾರೆ, ಬರೆದು ಕೊಡಿ ಅಂದ್ರೆ ಕೊಡ್ತಾರೆ, ಕೇಳಿ ಬರೆಸ್ಕೊಳ್ಳಿ. ಹೇಳಿದ್ದಕ್ಕಿಂತ ಹೆಚ್ಚು ನನಗಂತೂ ಇದುವರೆಗೆ ಹಾಕಿಲ್ಲ, ಮೇಲೆ ಹೇಳಿದ ಎಲ್ಲಾ ಕೆಲಸ ಸೇರಿಸಿದ್ರೂ ಆ ಮೊದಲಿನ ಎಸ್ಟಿಮೇಟಿನ ಅರ್ಧ ಮುಟ್ಟಿಲ್ಲ.

ಹೋಗೋದಾದ್ರೆ ಒಂದು ಮಾತು. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಒಂದೆರಡು ಸೆಕೆಂಡು ಕರ್ ಅಂತ ಶಬ್ದ ಬಂದು ನಿಂತ್ರೆ ಅದು ಬಹುತೇಕ ವಿಟಿಸಿ ಆಕ್ಚುಯೇಟರ್, ಅಂದ್ರೆ ವಾಲ್ವ್ ತೆರೆಯೋ ಟೈಮು ಹಿಂದೆ ಮುಂದೆ ಮಾಡೋ ಪಾರ್ಟು, ಈ ಎಂಜಿನ್ನಲ್ಲಿ ವಯಸ್ಸಾದ ಮೇಲೆ ಬರೋದೇ. ನಮ್ಮದರಲ್ಲೂ ಈಗ ಶುರುವಾಗಿದೆ, ಗಾಬರಿ ಇಲ್ಲ, ಆದ್ರೆ ಬಿಡೋದೂ ಬೇಡ, ಕೊಯ್ಲು ಮುಗಿದ್ಮೇಲೆ ಹಾಕೋಣ, ಆಗಲೇ ವಾಲ್ವ್ ಕವರ್ ತೆಗೆದಾಗ ಚೈನೂ ನೋಡಿ ವಾಲ್ವ್ ಗ್ಯಾಪೂ ಸರಿ ಮಾಡೋಣ ಅಂದಿದಾರೆ. ಈ ಶಬ್ದ ಬಿಸಿ ಎಂಜಿನ್ನಲ್ಲಿ ಕೇಳೋದಿಲ್ಲ, ತೀರ್ಥಹಳ್ಳಿಯಿಂದಲೋ ಹೊಸನಗರದಿಂದಲೋ ಓಡಿಸ್ಕೊಂಡು ಹೋಗಿ ತೋರಿಸ್ತೀನಿ ಅಂದ್ರೆ ಆಗಲ್ಲ. ಹಿಂದಿನ ದಿನ ಸಂಜೆನೇ ಗಾಡಿ ಅಲ್ಲಿ ಬಿಟ್ಟು ಬಸ್ಸಿಗೆ ಬನ್ನಿ, ಬೆಳಿಗ್ಗೆ ತಣ್ಣಗಿರುವಾಗ ಮೇಸ್ತ್ರಿಗಳೇ ಸ್ಟಾರ್ಟ್ ಮಾಡಿ ಕೇಳ್ಲಿ. ಭಾನುವಾರ ರಜೆ.